ವಾರ್ನಿಶ್ ಕುಡಿದ ಸುರುಳಿ

ಮೋಟಾರು ರಿವೈಂಡಿಂಗ್ ಮಾಡುವವರಿಗೆ ಒಂದು ಹಠ ಇರುತ್ತದೆ. ಒಮ್ಮೆ ಸುತ್ತಿದ್ದನ್ನು ಮತ್ತೆ ಬಿಚ್ಚುವ ಪ್ರಸಂಗ ಬರಬಾರದು. ಪಂಪ್‌ಸೆಟ್ಟಿನ ಮೋಟಾರು ಸುಟ್ಟು ಬಂದರೆ ಹಳೆಯ ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಒಣ ಬಿದಿರಿನ ಬೆಣೆ ಬಡಿದು, ದಾರದಿಂದ ಬಿಗಿದು, ಕೊನೆಗೆ ವಾರ್ನಿಶ್ ಕುಡಿಸಿ, ತಗಡಿನ ಡ್ರಮ್ಮಿನೊಳಗೆ ದೊಡ್ಡ ಬಲ್ಬುಗಳ ಕಾವಿನಲ್ಲಿ ಒಂದು ದಿನ ಇಡುತ್ತೇವೆ. ಆಮೇಲೆ ಅದು ಕಲ್ಲು. ಕೊಟ್ಟೂರಿನ ನನ್ನ ಅಂಗಡಿಯಿಂದ ಹೋದ ಮೋಟಾರು ಬಾವಿಗೆ ಬಿದ್ದರೂ ಒಣಗಿಸಿ ಹಾಕಿದರೆ ತಿರುಗುತ್ತದೆ ಎಂದು ಸುತ್ತಲಿನ ಹಳ್ಳಿಯವರು ಹೇಳುತ್ತಿದ್ದರು. ಕೇಳಿ ಕೇಳಿ ನಾನು ಉಬ್ಬಿದ್ದೆ. ಆ ಉಬ್ಬಿನಲ್ಲೇ ಒಬ್ಬರ ಕೊನೆಯ ದಿನಗಳ ಮಾತನ್ನು ಕಟ್ಟಿಹಾಕಿದೆ. ಇದನ್ನು ಬರೆಯಲು ನಲವತ್ತು ವರ್ಷ ಬೇಕಾಯಿತು.

ಎಪ್ಪತ್ತರ ದಶಕ ಮುಗಿಯುವ ಹೊತ್ತು. ಹಡಗಲಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದ ಮೇಷ್ಟ್ರೊಬ್ಬರು ಒಂದು ದಿನ ಅಂಗಡಿಗೆ ಬಂದು ಎನಾಮಲ್ ತಂತಿ ಕೇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಷ್ಟು ಎಚ್‌ಪಿ ಮೋಟಾರಿಗೆ ಎಂದು ಕೇಳಿದೆ.

"ಮೋಟಾರಿಗಲ್ಲ ಮಿಸ್ತ್ರಿ, ರೇಡಿಯೋಕ್ಕ. ಕೇಳೋ ರೇಡಿಯೋ ಅಲ್ಲ, ನಾವು ಮಾತಾಡೋದು."

"ಪೊಲೀಸ್ರು ಸುಮ್ನೆ ಬಿಡ್ತಾರೇನ್ರಿ?"

ಅವರು ನಗುತ್ತ ಚೀಲದಿಂದ ಪರವಾನಗಿ ತೆಗೆದು ತೋರಿಸಿದರು. ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಸುತ್ತಿ ಇಟ್ಟಿದ್ದರು. ಹವ್ಯಾಸಕ್ಕೆಂದು ಮನೆಯಲ್ಲೇ ರೇಡಿಯೋ ಕಟ್ಟಿಕೊಂಡು, ಸರ್ಕಾರ ಕೊಟ್ಟ ಗುರುತಿನ ಅಕ್ಷರಗಳಲ್ಲಿ ಒಬ್ಬರನ್ನೊಬ್ಬರು ಕರೆದು ಮಾತಾಡುವವರು ದೇಶದಲ್ಲೆಲ್ಲ ಇದ್ದಾರೆ ಎಂದು ನನಗೆ ಅವತ್ತೇ ಗೊತ್ತಾದದ್ದು. ತಂತಿ ಕೊಡುವಷ್ಟರಲ್ಲಿ ನನ್ನ ತಲೆಗೆ ಹುಳ ಬಿಟ್ಟು ಹೋದರು. ಮುಂದಿನ ವಾರ ನಾನೇ ಬಸ್ಸು ಹತ್ತಿ ಹಡಗಲಿಗೆ ಹೋದೆ. ಹೀಗೆ ಎರಡು ವರ್ಷ. ಏಳನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ನನಗೆ ಅವರು ಚಮಚದಿಂದ ಮೇಜು ಕುಟ್ಟಿ ಮೋರ್ಸ್ ಕಲಿಸಿದರು. ಚುಕ್ಕೆ, ಗೀಟು, ಚುಕ್ಕೆ. ತಪ್ಪಿದರೆ ಬೈಯುತ್ತಿರಲಿಲ್ಲ, ಮತ್ತೆ ಕುಟ್ಟುತ್ತಿದ್ದರು. ನಾನು ಪರೀಕ್ಷೆ ಪಾಸಾಗಿ, ಪೊಲೀಸು ವಿಚಾರಣೆಯೂ ಮುಗಿದು, ನನ್ನ ಹೆಸರಿಗೂ ಪರವಾನಗಿ ಬಂದಾಗ ಅವರ ಹೆಂಡತಿ ನನಗೆ ಹೋಳಿಗೆ ಮಾಡಿ ಬಡಿಸಿದರು. ನನ್ನ ಬದುಕಿನಲ್ಲಿ ಯಾರೂ ನನ್ನನ್ನು ಅಷ್ಟು ತಾಳ್ಮೆಯಿಂದ ಕಂಡಿದ್ದಿಲ್ಲ.

ಅಂಗಡಿಯ ಹಿಂದೆ ನನಗೆ ಬೇಕಾದಷ್ಟು ಬಯಲಿತ್ತು. ಒಂದು ಬೇವಿನ ಮರದಿಂದ ಇನ್ನೊಂದಕ್ಕೆ ತಂತಿ ಎಳೆದು ಎಂಬತ್ತು ಮೀಟರಿನ ಅಲೆಯ ಮೇಲೆ ದಿನಾ ಬೆಳಿಗ್ಗೆ ಆರೂವರೆಗೆ ಅವರನ್ನು ಕರೆಯುತ್ತಿದ್ದೆ. ಅವರು ಆಗ ಹಡಗಲಿಯ ಅಂಚಿನಲ್ಲಿ ದೊಡ್ಡ ಹಿತ್ತಲಿದ್ದ ಮನೆಯಲ್ಲಿದ್ದರು. ಆಮೇಲೆ ಅವರ ಎದೆ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಹೃದಯದೊಳಗಿನ ಕವಾಟ ಸವೆದಿದೆ, ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು, ಹೆಚ್ಚು ಮಾತೂ ಆಡಬಾರದು ಎಂದರು ಡಾಕ್ಟರು. ಶಾಲೆಗೆ ರಜೆ ಹಾಕಿದರು. ಆ ರಜೆ ಮುಗಿಯುವ ರಜೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಗೆ ಹತ್ತಿರವಾಗಲೆಂದು ಹೂವಾಡಿಗರ ಓಣಿಯಲ್ಲಿ ಒಂದು ಸಣ್ಣ ಮನೆಗೆ ಬಂದರು. ಮುಂದೆ ಓಣಿ, ಹಿಂದೆ ಗೋಡೆ, ನಡುವೆ ನಾಲ್ಕು ಮಾರು ಅಂಗಳ.

ಹೊಸ ಮನೆಗೆ ಬಂದ ಮೊದಲ ವಾರವೇ ನಾನು ನೋಡಲು ಹೋಗಿದ್ದೆ. ಮಂಚದ ಪಕ್ಕ ಮೇಜು, ಮೇಜಿನ ಮೇಲೆ ರೇಡಿಯೋ, ಮೋರ್ಸ್ ಕುಟ್ಟುವ ಹಿತ್ತಾಳೆಯ ಕೀ. ತಂತಿ ಮಾತ್ರ ಇಲ್ಲ.

"ದಿನಾ ಮೂವತ್ತು ಹುಡುಗ್ರ ಮುಂದ ಮಾತಾಡಾಂವ ನಾನು," ಎಂದರು. ಪ್ರತಿ ನಾಲ್ಕು ಮಾತಿಗೆ ಉಸಿರು ತೆಗೆದುಕೊಳ್ಳುತ್ತಿದ್ದರು. "ಈಗ ಗೋಡಿ ನೋಡ್ಕೊಂತ ಬಿದ್ದೀನಿ. ಬಾಯಿ ಹೋದ್ರ ಹೋಗ್ಲಿ, ಬೆರಳು ಆಡ್ತಾವ. ಏನಾರ ಮಾಡಿ ಒಂದು ಕಂಬ ನಿಲ್ಸಿಕೊಡು ಮಿಸ್ತ್ರಿ."

ಎಂಬತ್ತು ಮೀಟರಿನ ಅಲೆಗೆ ನೆಟ್ಟಗೆ ನಿಲ್ಲಿಸುವ ಕಂಬ ಅರವತ್ತಾರು ಅಡಿ ಇರಬೇಕು. ಆ ಅಂಗಳದಲ್ಲಿ ಇಪ್ಪತ್ತೈದು ಅಡಿಗಿಂತ ಹೆಚ್ಚಿಗೆ ನಿಲ್ಲಿಸಲು ಬರುವಂತಿರಲಿಲ್ಲ. ಕಂಬ ಗಿಡ್ಡವಾದರೆ ನಡುವೆ ತಾಮ್ರದ ಸುರುಳಿಯೊಂದನ್ನು ಸೇರಿಸಬೇಕು. ಸುರುಳಿಯ ಸುತ್ತುಗಳು ಸರಿ ಇದ್ದರೆ ಗಿಡ್ಡ ಕಂಬವೂ ಉದ್ದದ ಕಂಬದಂತೆ ಕೆಲಸ ಮಾಡುತ್ತದೆ. ಸರಿ ಎಂದರೆ ಬಲು ಸರಿ ಇರಬೇಕು. ಅರ್ಧ ಸುತ್ತು ಹೆಚ್ಚುಕಮ್ಮಿಯಾದರೂ ರೇಡಿಯೋದಿಂದ ಹೊರಟ ಶಕ್ತಿ ಹೊರಗೆ ಹೋಗದೆ ಹಿಂದಕ್ಕೇ ಬಂದು ಒಳಗಿನ ವಾಲ್ವನ್ನು ಕೆಂಡ ಮಾಡುತ್ತದೆ. ಕೇಳುವುದಕ್ಕೆ ಮಾತ್ರ ಇಷ್ಟು ಕಟ್ಟುನಿಟ್ಟಿಲ್ಲ. ಸುರುಳಿ ತಪ್ಪಿದ್ದರೂ ಬೇರೆಯವರ ಮಾತು ಚೆನ್ನಾಗಿಯೇ ಕೇಳುತ್ತದೆ. ಈ ಕೊನೆಯ ಮಾತನ್ನು ಮೇಷ್ಟ್ರೇ ನನಗೆ ಪಾಠ ಹೇಳಿದ್ದರು. ಬೇಕಾದಾಗ ಅದು ನನ್ನ ನೆನಪಿಗೆ ಬರಲಿಲ್ಲ.

ಸುರುಳಿಯನ್ನು ಪ್ಲಾಸ್ಟಿಕ್ ಪೈಪಿನ ಮೇಲೆ ಸುತ್ತು ಎಂದು ಅವರು ಹೇಳಿದರು. ನಾನು ಬಿದಿರು ಎಂದೆ. ಬೆಣೆ ಹಾಕಿ ಹಾಕಿ ಬಿದಿರಿನ ಮೇಲೆ ನನಗೆ ತಾಯಿಯಷ್ಟು ನಂಬಿಕೆ. ತೋಳುಗಾತ್ರದ ಒಣ ಬಿದಿರಿನ ತುಂಡು ಆರಿಸಿ, ಐವತ್ತು ಸುತ್ತು ಸುತ್ತಿ, ಎರಡೂ ತುದಿಗೆ ಕಂಬದ ಲೋಹದ ಪೈಪು ತೊಡಿಸಿ, ಯುಗಾದಿ ಮುಗಿದ ವಾರದ ಭಾನುವಾರ ಕಂಬ ನಿಲ್ಲಿಸಿದೆ.

ಹೊಂದಿಸುವ ಕೆಲಸಕ್ಕೆ ಮೂವರು ಬೇಕಾದೆವು. ಮೇಷ್ಟ್ರು ಮಂಚದ ಮೇಲೆ ಕೂತು ಕೀ ಒತ್ತಬೇಕು. ಕಂಬದ ಬುಡದಲ್ಲಿ ಒಂದು ಸಣ್ಣ ಬ್ಯಾಟರಿ ಬಲ್ಬು ಸೇರಿಸಿದ್ದೆ. ಶಕ್ತಿ ಕಂಬಕ್ಕೆ ಏರಿದಷ್ಟೂ ಅದು ಬೆಳಗುತ್ತದೆ. ಬಲ್ಬು ನೋಡುವ ಕೆಲಸ ನಾನು ಅಕ್ಕ ಎನ್ನುತ್ತಿದ್ದ ಮೇಷ್ಟ್ರ ಹೆಂಡತಿಯದು. ಅಕ್ಕ ಹೊಸ್ತಿಲ ಮೇಲೆ ಕೂತು, ಮಡಿಲಲ್ಲಿ ಮಲ್ಲಿಗೆ ಮೊಗ್ಗು ಇಟ್ಟುಕೊಂಡು, ಸೆರಗಿನಿಂದ ಬಲ್ಬಿಗೆ ಬಿಸಿಲು ಬೀಳದಂತೆ ಮರೆ ಮಾಡಿ ಕೂಗುತ್ತಿದ್ದರು. "ಕೆಂಪಗೈತಿ... ಇನ್ನೂ ಕೆಂಪಗ... ಈಗ ಹಳದಿ ಆತು." ನನ್ನದು ಕಂಬದ ಕೆಲಸ. ಹಗ್ಗ ಬಿಚ್ಚು, ಕಂಬ ಇಳಿಸು, ಸುರುಳಿಗೆ ಕಚ್ಚಿಸಿದ ಕ್ಲಿಪ್ಪನ್ನು ಸರಿಸಿ ಒಂದು ಸುತ್ತು ಕಡಿಮೆ ಮಾಡು, ಕಂಬ ಏರಿಸು, ಹಗ್ಗ ಕಟ್ಟು. ಹೀಗೆ ಹನ್ನೊಂದು ಸಲ. ಬಿಸಿಲಿಗೆ ಪೈಪು ಮುಟ್ಟಿದರೆ ಅಂಗೈ ಚುರ್ ಎನ್ನುತ್ತಿತ್ತು. ಮೂವತ್ತೊಂಬತ್ತನೇ ಸುತ್ತಿಗೆ ಅಕ್ಕ ಎದ್ದು ನಿಂತರು.

"ಬೆಳ್ಳಗಾತು! ಅಣ್ಣಾರ, ಬೆಳ್ಳಗಾತು!"

ಒಳಗಿನಿಂದ ಮೇಷ್ಟ್ರ ಕೀ ಟಕಟಕ ಎಂದಿತು. ನನ್ನ ಹೆಸರನ್ನೇ ಕುಟ್ಟುತ್ತಿದ್ದರು.

ಜಗಳ ಅಲ್ಲಿಂದಲೇ ಶುರು. ಕ್ಲಿಪ್ಪು ಹಾಗೇ ಇರಲಿ ಎಂದು ಅವರು, ಅದನ್ನು ತೆಗೆದು ಅಲ್ಲಿಗೇ ತಂತಿ ಕತ್ತರಿಸಿ ಬೆಸುಗೆ ಹಾಕಿ ವಾರ್ನಿಶ್ ಕುಡಿಸುತ್ತೇನೆ ಎಂದು ನಾನು.

"ಇದು ಮೋಟಾರಲ್ಲೋ ಮಾರಾಯ. ಹವಾ ಬದಲಾದಂಗ ಇದೂ ಬದಲಾಗತೈತಿ. ಬೇಸ್ಗಿಗೊಂದು ಸುತ್ತು, ಮಳಿಗಾಲಕ್ಕೊಂದು ಸುತ್ತು. ಬಿಚ್ಚಾಕ ಬರಂಗಿರಬೇಕು."

"ಬಿಚ್ಚಾಕ ಬರಂಗ ಕೆಲಸ ಮಾಡಿದ್ರ ನಮ್ಮಪ್ಪ ನನ್ನ ಅಂಗಡಿಗೆ ಕಾಲಿಡಾಕ ಬಿಡ್ತಿರ್ಲಿಲ್ರಿ. ಗಾಳಿಗೆ ನಿಮ್ಮ ಕ್ಲಿಪ್ಪು ಕಳಚಿ ಬಿದ್ರ ಯಾರು ಎದ್ದುಹೋಗಿ ಕಂಬ ಇಳಿಸಬೇಕು? ನೀವು ಹೋಗ್ತೀರಾ?"

ಈ ಮಾತು ಆಡಬಾರದಿತ್ತು. ಅವರು ತಮ್ಮ ಕಾಲುಗಳನ್ನು ನೋಡಿಕೊಂಡರು. ಕಾಲು ಬಾತಿದ್ದವು. "ಆತು, ನಿನ್ನ ಕೈಗುಣ ನಿನಗ ಗೊತ್ತು," ಎಂದರು.

ಸುರುಳಿಯನ್ನು ಕೊಟ್ಟೂರಿಗೆ ತಂದೆ. ಹೆಚ್ಚಿನ ಸುತ್ತು ಕತ್ತರಿಸಿ, ಬೆಸುಗೆ ಹಾಕಿ, ಮೂರು ಸಲ ವಾರ್ನಿಶ್ ಕುಡಿಸಿ, ಎರಡು ದಿನ ಡ್ರಮ್ಮಿನಲ್ಲಿ ಕಾಯಿಸಿದೆ. ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಮುಂದಿನ ಭಾನುವಾರ ಒಯ್ದು ಕಂಬಕ್ಕೆ ಹಾಕಿದರೆ ಬಲ್ಬು ತುಸು ಮಂಕು. ವಾರ್ನಿಶ್ಶಿನಿಂದಲೇ ಹೊಂದಿಕೆ ಸರಿದಿದೆ ಎಂದರು ಮೇಷ್ಟ್ರು. ಸುರುಳಿ ಮುಟ್ಟುವುದಕ್ಕೆ ನನಗೆ ಮನಸ್ಸಿಲ್ಲ, ಕಂಬದ ತುದಿಯ ಪೈಪನ್ನೇ ಗರಗಸದಿಂದ ಒಂದಿಷ್ಟು ಕೊಯ್ದು ಸರಿಮಾಡಿದೆ. ಬಲ್ಬು ಬೆಳ್ಳಗಾಯಿತು. ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ.

ಆ ಬೇಸಿಗೆ ಚೆನ್ನಾಗಿತ್ತು. ಆರೂವರೆಗೆ ನಾನು ಮೈಕಿನಲ್ಲಿ ಮಾತಾಡುತ್ತಿದ್ದೆ, ಅವರು ಕೀ ಕುಟ್ಟಿ ಉತ್ತರ ಕೊಡುತ್ತಿದ್ದರು. ಅವರ ಕೈಯನ್ನು ನಾನು ಸಾವಿರದಲ್ಲಿ ಗುರುತಿಸುತ್ತಿದ್ದೆ. ಕೊನೆಯ ಗೀಟನ್ನು ಸ್ವಲ್ಪ ಎಳೆಯುವ ಅಭ್ಯಾಸ, ಪಾಠದ ಕೊನೆಗೆ ಮಕ್ಕಳ ಮುಖ ನೋಡುವಂತೆ. ಹೂವಿನ ಬುಟ್ಟಿಗಳು ಬಸ್ಸಿನ ಮೇಲೆ ಏರಿದ್ದು, ಎದುರುಮನೆಯ ಮಗು ಮೊದಲ ಸಲ ನಿಂತದ್ದು, ಹೊಸ ಮಾತ್ರೆಯಿಂದ ಬಾಯಿ ಕಹಿಯಾದದ್ದು, ಮಂಚದಿಂದ ಕಾಣುವುದೆಲ್ಲ ನನಗೆ ಬರುತ್ತಿತ್ತು. ಒಂದು ದಿನ ಕುಟ್ಟಿದರು: ದಿನದಲ್ಲಿ ಈ ಅರ್ಧ ತಾಸು ಮಾತ್ರ ನಾನು ರೋಗಿ ಅಲ್ಲ. ನನ್ನ ಕಣ್ಣು ತುಂಬಿ ಬಂತು. ಹಾಗೆಂದು ಹೇಳಲು ನಾಚಿ, ಹವಾಮಾನದ ಮಾತು ತೆಗೆದೆ.

ಶ್ರಾವಣಕ್ಕೆ ಮಳೆ ಹಿಡಿಯಿತು. ಸುರಿಯುವ ಮಳೆಯಲ್ಲ, ದಿನವಿಡೀ ಜಿಟಿಜಿಟಿ. ಎರಡನೇ ದಿನವೇ ಅವರ ಕೀಯ ದನಿ ಸಣ್ಣಗಾಯಿತು. ಗದ್ದಲದ ನಡುವೆ ಕಿವಿಗೊಟ್ಟು ಬರೆದುಕೊಂಡೆ: ಸುರುಳಿ ನೀರು ಕುಡಿದಿದೆ, ಬ್ಲೇಡು ಬೆಸುಗೆ ಇಲ್ಲೇ ಇವೆ, ಒಂದು ದಿನ ಬಾ, ಅರ್ಧ ಸುತ್ತು ಕಡಿಮೆ ಮಾಡಿದರೆ ಸಾಕು.

ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ವಾರ್ನಿಶ್ ನೀರು ಕುಡಿಯಿತೆಂದರೆ ನನ್ನ ಅಪ್ಪನಿಗೆ ಬೈದ ಹಾಗೆ.

"ನಾ ಸುತ್ತಿದ ಮೋಟಾರು ಹೊಳಿಯಾಗ ಮುಳುಗಿ ಎದ್ದು ಬಂದಾವ ಸಾರ್," ಎಂದು ಮೈಕಿನಲ್ಲಿ ಜೋರಾಗಿ ಹೇಳಿದೆ. "ನಾಕು ಹನಿ ಮಳಿಗೆ ಅದಕ್ಕೇನೂ ಆಗಂಗಿಲ್ಲ. ನಿಮ್ಮ ಅರ್ಥಿಂಗ್ ತಂತಿ ಹರಿದಿರಬೇಕು, ಅದನ್ನ ನೋಡಿಸ್ರಿ. ಹಂಗೆಲ್ಲ ಕರೆದಾಗ ಬರಾಕ ನನಗೂ ಅಂಗಡಿ ಐತಿ."

ಅವರು ಏನೋ ಕುಟ್ಟಿದರು. ಅರ್ಧ ಗೊತ್ತಾಗಲಿಲ್ಲ. ಮರುದಿನ ಏನೂ ಬರಲಿಲ್ಲ.

ಅದರ ಮರುದಿನವೂ ಇಲ್ಲ. ಮೇಷ್ಟ್ರು ಮುನಿಸಿಕೊಂಡರು ಎಂದು ನಾನು ತೀರ್ಮಾನ ಮಾಡಿದೆ. ಕಲಿತವರಲ್ಲವೇ, ರಿವೈಂಡಿಂಗ್‌ನವನು ಎದುರಾಡಿದ್ದು ಸಹಿಸಲಾಗಲಿಲ್ಲ ಎಂದುಕೊಂಡೆ. ಮೊದಲ ನಾಲ್ಕು ದಿನ ಮೆತ್ತಗೆ ಕರೆದೆ. ಐದನೇ ದಿನ ಕೆಣಕಿದೆ. "ಮಾತಾಡಾಕ ಮನಸ್ಸಿಲ್ಲಂದ್ರ ಹೇಳಿಬಿಡ್ರಿ, ನಾನೇನು ನಿಮ್ಮ ಸಾಲಿ ಹುಡುಗ ಅಲ್ಲ." ಆಮೇಲೆ ದಿನದಿಂದ ದಿನಕ್ಕೆ ಮಾತು ಕೆಟ್ಟಿತು. ಅಲೆಯ ಮೇಲೆ ಆಡಬಾರದ್ದನ್ನೆಲ್ಲ ಆಡಿದೆ. ಹಮ್ಮು ಎಂದೆ. ಕಾಯಿಲೆಯ ನೆಪ ಎಂದೆ. ಆ ಮಾತು ತಪ್ಪೆಂದು ಗೊತ್ತಿದ್ದೂ ಹಿಂದಕ್ಕೆ ತಗೊಳ್ಳಲಿಲ್ಲ. ಹತ್ತನೇ ದಿನ ಹೇಳಿದೆ:

"ಇನ್ನ ನಾ ಕರಿಯಂಗಿಲ್ಲ. ಇವತ್ತಿಗೆ ಸೆಟ್ ಬಂದ್ ಮಾಡ್ತೀನಿ. ನಿಮಗ ನೀವ, ನನಗ ನಾನ."

ಸ್ವಿಚ್ಚು ತಿರುಗಿಸಿ, ಮೈಕಿನ ಮೇಲೆ ಹಳೆಯ ಲುಂಗಿ ಹೊದಿಸಿದೆ.

ಒಂದು ತಿಂಗಳಿಗೆ ಸ್ವಲ್ಪ ಕಡಿಮೆ ಇರಬೇಕು. ಹಡಗಲಿ ಕಡೆಯ ರೈತನೊಬ್ಬ ಸುಟ್ಟ ಮೋಟಾರು ಇಳಿಸಿ, ಬೀಡಿ ಹಚ್ಚಿ, ಊರಿನ ಮಾತು ಹೇಳುತ್ತ ಕೂತ. ಮಳೆ, ಮೆಕ್ಕೆಜೋಳ, ಬಸ್ಸು. ನಡುವೆಯೇ ಅಂದ:

"ಹೂವಾಡಿಗರ ಓಣ್ಯಾಗ ಸಾಲಿ ಮೇಷ್ಟ್ರಿದ್ರಲ್ಲ, ರೇಡಿಯೋದವ್ರು, ತೀರ್ಕೊಂಡ್ರು. ಹೋದ ಸೋಮಾರ. ನಿಮಗ ಗುರ್ತಿತ್ತಲ್ಲ?"

ಕೈಯಲ್ಲಿದ್ದ ಉಳಿಯನ್ನು ಮೋಟಾರಿನೊಳಗೇ ಬಿಟ್ಟು ಎದ್ದೆ. ಅಂಗಡಿಗೆ ಬಾಗಿಲು ಹಾಕಿದೆನೋ ಇಲ್ಲವೋ ನೆನಪಿಲ್ಲ. ಬಸ್ಸಿನಲ್ಲಿ ಕೂತದ್ದು ನೆನಪಿದೆ. ಮಳೆ ನಿಂತಿತ್ತು, ಹೊಲಗಳಲ್ಲಿ ನೀರು ನಿಂತಿತ್ತು.

ಅಕ್ಕ ಹೊಸ್ತಿಲ ಮೇಲೆ ಕೂತಿದ್ದರು, ಅದೇ ಜಾಗದಲ್ಲಿ. ಮಡಿಲಲ್ಲಿ ಮೊಗ್ಗು ಇರಲಿಲ್ಲ. ನಾನು ಕಾಲಿಗೆ ಬೀಳಲು ಹೋದರೆ ತಡೆದರು.

"ಅವರು ಮುನಿಸಿಕೊಂಡಾರ ಅಂತ ನಾ ತಿಳ್ಕೊಂಡೆ ಅಕ್ಕಾರ," ಎಂದೆ. "ದಿನಾ ಕರದೆ. ಉತ್ತರನ ಬರ್ಲಿಲ್ಲ."

"ಕರ್ದಿದ್ದು ಗೊತ್ತೈತಿ." ಅವರು ನನ್ನ ಮುಖ ನೋಡಲಿಲ್ಲ. "ದಿನಾ ನಿಮ್ಮ ದನಿ ಸ್ವಚ್ಛ ಕೇಳ್ತಿತ್ತು. ಮಾತು ಮುಗಿಯೋದ ತಡ ಅವರು ಕುಟ್ಟತಿದ್ರು. ನಾ ಇಲ್ಲೇ ಕುಂತು ಬಲ್ಬ್ ನೋಡ್ತಿದ್ದೆ. ಹತ್ತಲೇ ಇಲ್ಲರಿ. ಅವರು ಒಳಗ ಕುಟ್ಟೋದು, ನಾ ಇಲ್ಲಿಂದ 'ಇಲ್ಲ' ಅನ್ನೋದು."

ಅಲೆಯ ಮೇಲೆ ನಾನು ಆಡಿದ್ದೆಲ್ಲ ನೆನಪಾಯಿತು.

"ಎಲ್ಲಾನೂ ಕೇಳಿದ್ರೇನು?"

"ಎಲ್ಲಾ. ನಾನೂ ಕೇಳೀನಿ."

ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಕಾಗದ ಹಾಕಲೇ ಎಂದು ತಾವು ಕೇಳಿದ್ದನ್ನು, ಮೇಷ್ಟ್ರು ಬೇಡವೆಂದದ್ದನ್ನು ಹೇಳಿದರು. "ಅವಗ ಹೇಳೀನಿ, ಕೇಳ್ಯಾನ, ಸಿಟ್ಟು ಇಳಿದ ಮ್ಯಾಲ ಬರ್ತಾನ. ಕಾಗದ ಹಾಕಿದ್ರ ತಾ ಸೋತೆ ಅಂತ ಬರ್ತಾನ, ಅದು ಬ್ಯಾಡ ಅಂದ್ರು." ನಾನು ಸೆಟ್ ಬಂದ್ ಮಾಡುತ್ತೇನೆಂದ ಮೇಲೂ ಅವರು ದಿನಾ ಆರೂವರೆಗೆ ಎದ್ದು ಕೂತು ಕಿವಿಗೆ ಹೆಡ್‌ಫೋನು ಹಾಕಿಕೊಳ್ಳುತ್ತಿದ್ದರಂತೆ. ಕೊನೆಯ ವಾರ ಕೂರಲು ಆಗದೆ ಮಲಗಿಯೇ ಹಾಕಿಕೊಂಡರಂತೆ.

ಅಂಗಳಕ್ಕೆ ಹೋದೆ. ಕಂಬ ಇಳಿಸಿ ಗೋಡೆಗೆ ಒರಗಿಸಿದ್ದರು. ನನ್ನ ಸೆಟ್ ಬಂದ್ ಆದ ಮೇಲೆ ಓಣಿಯ ಇಬ್ಬರು ಹೂವಾಡಿಗರನ್ನು ಕರೆದು ಮೇಷ್ಟ್ರೇ ಇಳಿಸಿದ್ದು; ಕೇಳುವುದಕ್ಕೆ ಕಿಟಕಿಗೆ ಒಂದು ತುಂಡು ತಂತಿ ಕಟ್ಟಿಕೊಂಡಿದ್ದರಂತೆ. ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಕೆರೆಯುತ್ತ ಕೂತಿದ್ದರಂತೆ. ನಾನು ಅದನ್ನು ಕೈಗೆ ತಗೊಂಡು ನೋಡಿದೆ. ವಾರ್ನಿಶ್ ಎಲ್ಲೂ ಎದ್ದಿರಲಿಲ್ಲ. ನನ್ನ ಕೆಲಸ ಪಕ್ಕಾ ಇತ್ತು. ನೀರು ಹೋದದ್ದು ತುದಿಯಿಂದ. ಪೈಪು ತೊಡಿಸಿದ ಕಡೆ ಬಿದಿರಿನ ಕೊಯ್ದ ಮುಖಕ್ಕೆ ನಾನು ವಾರ್ನಿಶ್ ಹಚ್ಚಿರಲಿಲ್ಲ. ಮೋಟಾರಿನಲ್ಲಿ ಬೆಣೆಯ ತುದಿಯನ್ನು ಯಾರು ನೋಡುತ್ತಾರೆ? ಅಲ್ಲಿಂದ ಒಳಗೆ ಹೋದ ನೀರನ್ನು ಹೊರಗೆ ಹೋಗದಂತೆ ತಡೆದದ್ದು ಹೊರಗಿನ ನನ್ನ ಮೂರು ಸಲದ ವಾರ್ನಿಶ್. ಬಿದಿರು ಒಳಗೆ ಇನ್ನೂ ಹಸಿಯಾಗಿತ್ತು.

ಕೊನೆಯ ಸುತ್ತಿನ ಮೇಲೆ ದಾಡಿ ಬ್ಲೇಡಿನ ಗೀರುಗಳಿದ್ದವು. ಬಲವಿಲ್ಲದ ಕೈಯ ಗೀರು, ಒಂದರ ಮೇಲೊಂದು, ಅಡ್ಡಾದಿಡ್ಡಿ. ಅಷ್ಟೂ ಕೆರೆದು ಅವರು ಕಂಡದ್ದು ಅಕ್ಕಿಕಾಳಿನಷ್ಟು ತಾಮ್ರ. ಬೆಸುಗೆ ಹಾಕಲು ಅದರ ನಾಲ್ಕರಷ್ಟು ಬೇಕು. ಆ ಜಾಗ ಹಿಡಿದುಕೊಂಡು ನಾನು ಅಂಗಳದಲ್ಲೇ ಕೂತು ಅತ್ತೆ.

ಅಕ್ಕ ಬಂದು ಪಕ್ಕದಲ್ಲಿ ನಿಂತರು.

"ಅದನ್ನ ಸರಿ ಮಾಡ್ರಿ."

"ಈಗ ಏನು ಮಾಡೋದೈತಿ ಅಕ್ಕಾರ?"

"ಮಾಡ್ರಿ. ನಾ ನೋಡಬೇಕು."

ಮೇಷ್ಟ್ರ ಮೇಜಿನ ಖಾನೆಯಲ್ಲಿ ಬ್ಲೇಡು, ಬೆಸುಗೆ ಕಡ್ಡಿ ಎಲ್ಲ ಅಚ್ಚುಕಟ್ಟಾಗಿ ಇದ್ದವು. ಅವರು ಕೆರೆದ ಕಡೆಯೇ ನಾನೂ ಕೆರೆದೆ. ನನ್ನ ಕೈಗೆ ಅದೇನು ಕಷ್ಟವಲ್ಲ. ಕೊನೆಯ ಅರ್ಧ ಸುತ್ತು ಕೆಲಸದಿಂದ ತಪ್ಪುವಂತೆ ಅದರ ಹಿಂದೆ ತುಂಡು ತಂತಿ ಬೆಸೆದೆ. ಹೂವಾಡಿಗರು ಬಂದು ಕಂಬ ಎತ್ತಿ ಕೊಟ್ಟರು. ಎಲ್ಲ ಸೇರಿ ಅರ್ಧ ತಾಸೂ ಆಗಲಿಲ್ಲ. ಒಳಗೆ ಹೋಗಿ, ಬರಿದಾದ ಮಂಚದ ಮೇಲೆ ಕೂರಲು ಮನಸ್ಸಾಗದೆ, ನಿಂತೇ ಕೀ ಒತ್ತಿದೆ.

ಹೊರಗಿನಿಂದ ಅಕ್ಕನ ದನಿ ಬಂತು, ಆ ಭಾನುವಾರದ ದನಿಯಲ್ಲ.

"ಬೆಳ್ಳಗಾತು."

ನಾನು ಕೀ ಬಿಡಲಿಲ್ಲ.

"ಎಷ್ಟು ತೆಗದ್ರಿ?" ಎಂದು ಕೇಳಿದರು.

"ಅರ್ಧ ಸುತ್ತು."

"ಅವರೂ ಅಷ್ಟ ಅಂದಿದ್ರು," ಎಂದು ಅಕ್ಕ ಬಲ್ಬಿನ ಮೇಲೆ ಹಿಡಿದಿದ್ದ ಸೆರಗನ್ನು ತೆಗೆದು ಮುಖಕ್ಕೆ ಒತ್ತಿಕೊಂಡರು.